ಗಿಡ್ಡ ನಳಿಗೆಯ ಪಂಪ್ ರೈಫಲ್ ಕೊಳ್ಳಬಹುದೇ?

ಪೆನ್ಸಿಲ್ವೇನಿಯಾದಲ್ಲಿ ಜಿಂಕೆ ಬೇಟೆಗೆ ಹೊಸದಾಗಿ ಲೈಸೆನ್ಸ್ ಪಡೆದವರು, ನಾನು ಕೊಡಗಿನವನೆಂದು ತಿಳಿದೊಡನೆ, ಕೋವಿಯ ಮಾತು ತೆಗೆದು ಕೇಳುವ ಪ್ರಶ್ನೆ ಒಂದೇ: 22 ಇಂಚಿನ ಬದಲು 18.5 ಇಂಚಿನ ನಳಿಗೆಯಿರುವ ಪಂಪ್ ರೈಫಲ್ ಕೊಳ್ಳಬಹುದೇ? ಜಿಂಕೆ ನಿಮಗೆ ಎಷ್ಟು ದೂರದಲ್ಲಿ ಕಾಣಿಸುತ್ತದೆ ಎಂದು ನಾನು ತಿರುಗಿ ಕೇಳುತ್ತೇನೆ.

ಈ ರಾಜ್ಯದಲ್ಲಿ ಜಿಂಕೆ ಬೇಟೆಗೆ ಗುಂಡು ಹಾರಿದೊಡನೆ ತಾನೇ ಮುಂದಿನ ತೋಟಾ ತುಂಬಿಕೊಳ್ಳುವ ಅರೆಸ್ವಯಂಚಾಲಿತ ರೈಫಲ್ಲುಗಳನ್ನು ಬಹುಕಾಲದಿಂದ ನಿಷೇಧಿಸಿರುವುದರಿಂದ, 1952ರಲ್ಲಿ ಬಂದ ರೆಮಿಂಗ್ಟನ್ ಕಂಪನಿಯ ಪಂಪ್ ರೈಫಲ್ 760 ಮತ್ತು 1981ರಲ್ಲಿ ಅದರ ಸ್ಥಾನಕ್ಕೆ ಬಂದ 7600 ಇಲ್ಲಿನ ಮನೆಮನೆಯ ರೈಫಲ್ಲುಗಳಾದವು. ಪಂಪ್ ಎಂದರೆ ಇಷ್ಟೇ: ಬಲಗೈ ಟ್ರಿಗರ್ ಬಿಡದೆ, ಕೆನ್ನೆ ಹಿಡಿಯಿಂದ ಏಳದೆ, ಎಡಗೈಯಿಂದಲೇ ಮುಂಭಾಗವನ್ನು ಹಿಂದಕ್ಕೆಳೆದು ಮುಂದಕ್ಕೆ ತಳ್ಳಿದರೆ ಖಾಲಿ ತೋಟಾ ಹೊರಬಿದ್ದು ಹೊಸದು ಒಳಸೇರುತ್ತದೆ.

ನಳಿಗೆ ಗಿಡ್ಡವಾದರೆ ಗುಂಡಿನ ವೇಗ ತಗ್ಗುತ್ತದೆ ಎಂಬ ಚಿಂತೆಯನ್ನು ನಾನು ದೊಡ್ಡದು ಮಾಡುವುದಿಲ್ಲ. ಥರ್ಟಿ ಆಟ್ ಸಿಕ್ಸ್ ತೋಟಾದಲ್ಲಿ ಸೆಕೆಂಡಿಗೆ ಸುಮಾರು 2,700 ಅಡಿಯಲ್ಲಿ 70ರಿಂದ 100 ಅಡಿ ಕಡಿಮೆಯಾದರೆ, ನೂರು ಗಜದೊಳಗಿನ ಜಿಂಕೆಗೆ ಆ ವ್ಯತ್ಯಾಸ ತಿಳಿಯದು. ತಿಳಿಯುವುದು ಬೇಟೆಗಾರನ ಕಿವಿಗೆ: ನಳಿಗೆಯ ಬಾಯಿ ಹತ್ತಿರ ಬಂದಷ್ಟೂ ಸದ್ದು ಬಡಿಯುತ್ತದೆ, ಮುಸ್ಸಂಜೆಯಲ್ಲಿ ಬೆಂಕಿಯ ಜ್ವಾಲೆ ಕಣ್ಣು ಕುಕ್ಕುತ್ತದೆ. ಕಿವಿಗೆ ರಕ್ಷಣೆಯಿಲ್ಲದೆ ಈ ರೈಫಲ್ ಮುಟ್ಟಬೇಡಿ. ಮೂತಿ ಹಗುರವಾಗಿರುವುದರಿಂದ ಅದು ಥಟ್ಟನೆ ತಿರುಗುತ್ತದೆ. ಅದೇ ಕಾರಣಕ್ಕೆ ನಿಂತುಕೊಂಡು ದೂರಕ್ಕೆ ಗುರಿಯಿಟ್ಟಾಗ ಅಲುಗುತ್ತದೆ.

ಪಂಪಿನದೇ ತೊಂದರೆಗಳು ಬೇರೆ. ಮುಂಭಾಗದ ಹಿಡಿ ಸ್ವಲ್ಪ ಸಡಿಲವಾಗಿದ್ದು, ನಡೆಯುವಾಗ ಕಟಕಟ ಎನ್ನುತ್ತದೆ. ಕೈ ಅರ್ಧಕ್ಕೇ ನಿಂತರೆ ಕೆಲಸ ಕೆಟ್ಟಿತು. ಒಂದು ಡಿಸೆಂಬರಿನಲ್ಲಿ ದಪ್ಪ ಗ್ಲೌಸ್ ತೊಟ್ಟು, ಗುರಿ ತಪ್ಪಿದ ಮೊದಲ ಗುಂಡಿನ ನಂತರ ನಾನು ಅಳುಕುತ್ತಲೇ ಎಳೆದೆ. ಖಾಲಿ ತೋಟಾ ಹೊರಬೀಳುವ ಕಿಂಡಿಯಲ್ಲೇ ಅಡ್ಡ ಸಿಕ್ಕಿಕೊಂಡಿತು, ಅದನ್ನು ಕೆದಕಿ ತೆಗೆಯುವಷ್ಟರಲ್ಲಿ ಬಿಳಿಬಾಲದ ಆ ಗಂಡು ಜಿಂಕೆ ದಿಣ್ಣೆ ದಾಟಿತ್ತು. ತಪ್ಪು ನನ್ನದೇ. ಪಕ್ಕದ ಹಿಡಿಯನ್ನು ಕೈಯಿಂದ ಎತ್ತಿ, ಎಳೆದು ತೋಟಾ ಬದಲಿಸುವ ಬೋಲ್ಟ್ ರೈಫಲ್ಲಿಗೆ ಆ ಹಿಡಿಯನ್ನು ಎತ್ತಿ ತಿರುಚುವ ಬಲವಿರುವುದರಿಂದ ಕೊಳೆಯಾದ, ಬಿಗಿಯಾದ ತೋಟಾವನ್ನೂ ಅದು ಕಿತ್ತು ತರುತ್ತದೆ. ಪಂಪಿಗೆ ಆ ಬಲ ಕಡಿಮೆ.

ಹಾಗಾಗಿ ಜೋಳದ ಹೊಲದ ಅಂಚಿನಲ್ಲಿ ಕಟ್ಟಿದ ಅಟ್ಟಣೆಯ ಮೇಲೆ ಕುಳಿತು ಇನ್ನೂರು ಗಜದಾಚೆ ನೋಡುವವರಿಗೆ ಉದ್ದ ನಳಿಗೆಯ ಬೋಲ್ಟ್ ರೈಫಲನ್ನೇ ಹೇಳುತ್ತೇನೆ. ನನ್ನಂತೆ ಮೌಂಟನ್ ಲಾರೆಲ್ ಪೊದೆಗಳಲ್ಲಿ ಬಗ್ಗಿ, ಹಿಮದ ಮೇಲಿನ ಹೆಜ್ಜೆ ಹಿಡಿದು ಹೋಗುವವರು ಗಿಡ್ಡ ಪಂಪನ್ನೇ ಕೊಳ್ಳಲಿ. ಆದರೆ ಬೇಟೆಯ ಕಾಲ ಬರುವ ಮೊದಲು ಗ್ಲೌಸ್ ತೊಟ್ಟೇ, ಗುರಿ ಹೊಡೆಯುವ ಮೈದಾನದಲ್ಲಿ, ಹಿಡಿಯನ್ನು ಕೊನೆಮುಟ್ಟ ಎಳೆದು ಅಭ್ಯಾಸ ಮಾಡಿಕೊಳ್ಳಲಿ.