ಕಳ್ಳರನ್ನ ಯಾಕಮ್ಮಾ ಬಿಟ್ಟು ಕಳಿಸ್ತೀರಾ?

ನ್ಯೂಯಾರ್ಕಿನಲ್ಲಿ ಪೊಲೀಸರು ಯಾರನ್ನಾದರೂ ಹಿಡಿದು ತಂದರೆ ಸುಮಾರು 24 ಗಂಟೆಯೊಳಗೆ ಜಡ್ಜ್ ಮುಂದೆ ನಿಲ್ಲಿಸಬೇಕು. ಅದಕ್ಕೂ ಮೊದಲು ಕೋರ್ಟಿನ ಹಿಂದಿನ ಲಾಕಪ್ಪಿಗೆ ಒಬ್ಬರು ಹೋಗಿ ಅವರನ್ನು ಮಾತಾಡಿಸುತ್ತಾರೆ. ಮನೆ ಎಲ್ಲಿ, ಅಲ್ಲಿ ಎಷ್ಟು ದಿನದಿಂದ ಇದ್ದೀರಿ, ಏನು ಕೆಲಸ, ಯಾರಿಗೆ ಫೋನ್ ಮಾಡಿದರೆ ಇದೆಲ್ಲ ನಿಜ ಅನ್ನುತ್ತಾರೆ ಅಂತ ಕೇಳುತ್ತಾರೆ. ಆಮೇಲೆ ಆ ಫೋನ್ ಮಾಡುತ್ತಾರೆ. ಹಳೇ ಕೇಸುಗಳಲ್ಲಿ ತಾರೀಖಿಗೆ ಬಂದಿದ್ದರಾ ಅಂತ ದಾಖಲೆ ನೋಡುತ್ತಾರೆ. ಈ ವ್ಯಕ್ತಿಯನ್ನು ಬಿಟ್ಟರೆ ಕೋರ್ಟಿಗೆ ವಾಪಸ್ ಬರುವ ಸಾಧ್ಯತೆ ಎಷ್ಟು ಅಂತ ಜಡ್ಜ್‌ಗೆ ವರದಿ ಕೊಡುತ್ತಾರೆ. ನಗರದ ಒಂದು ಭಾಗವಾದ ಕ್ವೀನ್ಸ್‌ನಲ್ಲಿ ಹೀಗೆ ಮಾತಾಡಿಸುವ ಒಂದು ತಂಡಕ್ಕೆ ನಾನು ಸೂಪರ್‌ವೈಸರ್.

ಇಷ್ಟು ವಿವರಿಸಲು ನನಗೆ ಯಾವತ್ತೂ ಅವಕಾಶ ಸಿಕ್ಕಿಲ್ಲ. "ಅರೆಸ್ಟ್ ಆದವರು" ಅಂತ ಬಾಯಿಂದ ಬರುವಷ್ಟರಲ್ಲಿ ಪ್ರಶ್ನೆ ಬಂದಿರುತ್ತದೆ. "ಅಲ್ಲಮ್ಮಾ, ಕಳ್ಳರನ್ನ ಯಾಕೆ ಬಿಟ್ಟು ಕಳಿಸ್ತೀರಾ?"

ನಾನು ಯಾರನ್ನೂ ಬಿಡುವುದಿಲ್ಲ. ಬಿಡುವುದು ಜಡ್ಜ್. ಅವರು ನಮ್ಮ ವರದಿಯನ್ನು ಓದಿ ಪಕ್ಕಕ್ಕಿಡಬಹುದು, ಇಡುತ್ತಾರೆ ಕೂಡ. ಇನ್ನು ಆ ಮನುಷ್ಯ ಕಳ್ಳ ಅಂತ ಇನ್ನೂ ಯಾರೂ ತೀರ್ಮಾನ ಮಾಡಿಲ್ಲ. ಅವನು ಏನು ಮಾಡಿದ ಅಂತ ನಮಗೂ ಗೊತ್ತಿರುವುದಿಲ್ಲ. ಕೇಳುವ ಹಾಗೂ ಇಲ್ಲ. ಅವನಾಗೇ ಹೇಳಲು ಶುರು ಮಾಡಿದರೆ, "ಅದನ್ನು ನಿಮ್ಮ ಲಾಯರ್‌ಗೆ ಹೇಳಿ" ಅಂತ ನಮ್ಮವರೇ ತಡೆಯುತ್ತಾರೆ. ಹಾಗಾಗಿ ನನ್ನ ಹತ್ತಿರ ರೋಚಕ ಕಥೆಗಳು ಇಲ್ಲ. ಕೇಳಿ ನಿರಾಸೆ ಆದವರು ಬಹಳ ಜನ.

ಕಳೆದ ವರ್ಷ ನ್ಯೂಜೆರ್ಸಿಯ ಎಡಿಸನ್‌ನಲ್ಲಿ ಒಂದು ಗೃಹಪ್ರವೇಶ. ಬಿಸಿಬೇಳೆಬಾತ್ ತಟ್ಟೆ ಹಿಡಿದು ಒಬ್ಬ ಅಂಕಲ್ ಪಕ್ಕಕ್ಕೆ ಬಂದರು. ಮಾಮೂಲಿ ಪ್ರಶ್ನೆ ಕೇಳಿದರು, ಮಾಮೂಲಿ ಉತ್ತರ ಕೊಟ್ಟೆ. ಅವರು ಬೂಂದಿಯನ್ನು ಚಮಚದಿಂದ ಒಂದು ಕಡೆ ಸರಿಸುತ್ತಾ, "ಅದ್ಯಾಕೆ ಅಷ್ಟೆಲ್ಲಾ ಫಾರ್ಮು? ಇಷ್ಟು ವರ್ಷ ಅನುಭವ ಇದೆ. ಮುಖ ನೋಡಿದ್ರೆ ಗೊತ್ತಾಗಲ್ವಾ?" ಅಂದರು.

ಮುಖ ನೋಡಿ ಗೊತ್ತುಮಾಡಿಕೊಳ್ಳದ ಹಾಗೆ ನೋಡಿಕೊಳ್ಳುವುದಕ್ಕೇ, ಅಂಕಲ್, ನನಗೆ ಸಂಬಳ ಕೊಡುವುದು.

ಹೊಸದಾಗಿ ಸೇರಿದವರಿಗೆ ಮೊದಲ ತಿಂಗಳು ಎಲ್ಲರ ಮುಖದಲ್ಲೂ ಏನೋ ಕಾಣುತ್ತದೆ. "ಸೊಕ್ಕಿನಿಂದ ಉತ್ತರ ಕೊಟ್ಟ" ಅಂತ ಬರೆದು ತರುತ್ತಾರೆ. ರಾತ್ರಿಯೆಲ್ಲ ಬೆಂಚಿನ ಮೇಲೆ ಕೂತು, ಒಣ ಸ್ಯಾಂಡ್‌ವಿಚ್ ತಿಂದವನು ನಿಮಗೆ ಆರತಿ ಎತ್ತಬೇಕಿತ್ತಾ? ಹೊಡೆದುಹಾಕು. ಅವನು ಹೇಳಿದ್ದು ಬರಿ, ಅದನ್ನು ಬೇರೆ ಯಾರು ಹೌದು ಅಂದರು ಅದನ್ನು ಬರಿ. ನನ್ನ ಶಿಫ್ಟಿನ ಅರ್ಧ ಇದರಲ್ಲೇ ಹೋಗುತ್ತದೆ.

ಒಂದು ವರದಿ ಮಾತ್ರ ಮರೆತಿಲ್ಲ. ಊಟ ಡೆಲಿವರಿ ಮಾಡುವ ಹುಡುಗ. (ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.) ವಿಳಾಸದ ಜಾಗದಲ್ಲಿ ನಮ್ಮವನು "ಖಾಯಂ ವಿಳಾಸ ಇಲ್ಲ" ಅಂತ ಹಾಕಿದ್ದ. ಹುಡುಗನಿಗೆ ಮನೆ ನಂಬರ್ ಹೇಳಲು ಬರಲಿಲ್ಲವಂತೆ. ಇದನ್ನು ಹಾಗೇ ಕಳಿಸಿದ್ದರೆ ಜಡ್ಜ್ ಕಣ್ಣಿಗೆ ಅವನು ಬೀದಿಯಲ್ಲಿರುವವನು. ನಾನು ವಾಪಸ್ ಕಳಿಸಿದೆ. "ರಾತ್ರಿ ಬೈಕಿನ ಬ್ಯಾಟರಿ ಎಲ್ಲಿ ಚಾರ್ಜಿಗೆ ಹಾಕ್ತೀಯಾ ಅಂತ ಕೇಳು" ಅಂದೆ. ಕೇಳಿದ. ಒಂದು ಮನೆಯ ಬೇಸ್‌ಮೆಂಟ್. ಅಲ್ಲೇ ನಾಲ್ಕು ವರ್ಷದಿಂದ ಇದ್ದಾನೆ. ಕಾಗದಪತ್ರ ಎಲ್ಲ ಮೇಲಿನ ಮನೆಯವರ ಹೆಸರಿಗೆ ಬರುತ್ತದೆ, ಅವನಿಗೆ ಯಾವತ್ತೂ ಮನೆ ನಂಬರ್ ಬೇಕಾಗಿರಲೇ ಇಲ್ಲ. ಮೇಲಿನ ಮನೆಯಾಕೆಗೆ ಫೋನ್ ಮಾಡಿದರೆ, "ಇನ್ನೂ ಮನೆಗೆ ಬಂದಿಲ್ಲ, ಎಲ್ಲಿದ್ದಾನೆ ಅವನು?" ಅಂತ ಆಕೆಯೇ ಬೈದರು. ಬೈಯುವವರೊಬ್ಬರು ಇದ್ದಾರೆ ಅನ್ನುವುದು ನಮಗೆ ಒಳ್ಳೆ ಸುದ್ದಿ.

ಇದು ಹೊಸ ಐಡಿಯಾ ಏನಲ್ಲ. 1961ರಲ್ಲಿ ಲೂಯಿ ಶ್ವೈಟ್ಜರ್ ಅನ್ನುವ ಶ್ರೀಮಂತ ಉದ್ಯಮಿ, ಇದೇ ನಗರದಲ್ಲಿ ಬರೀ ಜಾಮೀನಿಗೆ ದುಡ್ಡಿಲ್ಲ ಅಂತ ಹುಡುಗರು ತಿಂಗಳುಗಟ್ಟಲೆ ಜೈಲಿನಲ್ಲಿ ಇರುವುದನ್ನು ಕಂಡು ದಂಗಾದರು. ಹರ್ಬರ್ಟ್ ಸ್ಟರ್ಜ್ ಅನ್ನುವ ಯುವ ಸಂಪಾದಕರನ್ನು ಕರೆದುಕೊಂಡು ಮ್ಯಾನ್‌ಹಟನ್ ಬೇಲ್ ಪ್ರಾಜೆಕ್ಟ್ ಶುರು ಮಾಡಿದರು. ಲಾ ಓದುವ ವಿದ್ಯಾರ್ಥಿಗಳು ಲಾಕಪ್ಪಿಗೆ ಹೋಗಿ ಮನೆ, ಕೆಲಸ, ಸಂಬಂಧಿಕರ ಬಗ್ಗೆ ಕೇಳಿದರು, ಫೋನ್ ಮಾಡಿ ಖಾತ್ರಿ ಮಾಡಿಕೊಂಡರು. ಅವರ ಮಾತಿನ ಮೇಲೆ ದುಡ್ಡಿಲ್ಲದೆ ಬಿಟ್ಟವರಲ್ಲಿ ಬೇಕಂತಲೇ ತಪ್ಪಿಸಿಕೊಂಡವರು 100ಕ್ಕೆ ಇಬ್ಬರೂ ಇರಲಿಲ್ಲ.

"ಬಿಟ್ಟವನು ಹೊರಗೆ ಹೋಗಿ ಯಾರನ್ನಾದರೂ ಕೊಂದರೆ?" ಇದು ಎರಡನೇ ಪ್ರಶ್ನೆ. ತಪ್ಪದೆ ಬರುತ್ತದೆ. ಹೌದು, ಬಿಟ್ಟವರಲ್ಲಿ ಕೆಲವರು ಮತ್ತೆ ತಪ್ಪು ಮಾಡುತ್ತಾರೆ. ಅದು ಟಿವಿಯಲ್ಲಿ ಬಂದಾಗ ನನಗೂ ಹೊಟ್ಟೆ ಕಿವುಚುತ್ತದೆ. ಆದರೆ ನ್ಯೂಯಾರ್ಕಿನ ಕಾನೂನು ಜಾಮೀನಿನ ವಿಷಯದಲ್ಲಿ ಮುಖ್ಯವಾಗಿ ಕೇಳುವುದು ವಾಪಸ್ ಬರುತ್ತಾನಾ ಅಂತ. ಅಪಾಯಕಾರಿಯಾ ಅನ್ನುವ ಪ್ರಶ್ನೆಯನ್ನು ಫೆಡರಲ್ (ಕೇಂದ್ರದ) ಕೋರ್ಟುಗಳೂ ಬೇರೆ ರಾಜ್ಯಗಳೂ ನೇರವಾಗಿ ಕೇಳುತ್ತವೆ. ಇಲ್ಲಿ 2020ರ ಜನವರಿಯಲ್ಲಿ ಬಹಳಷ್ಟು ಸಣ್ಣ ಕೇಸುಗಳಿಗೆ ದುಡ್ಡಿನ ಜಾಮೀನು ತೆಗೆದರು, ಆಮೇಲೆ 2020, 2022, 2023ರಲ್ಲಿ ತಿದ್ದಿದರು. ಸಿಟ್ಟಿದ್ದರೆ ಕಾನೂನು ಮಾಡುವವರಿರುವ ರಾಜ್ಯದ ರಾಜಧಾನಿ ಆಲ್ಬನಿಗೆ ಕಾಗದ ಬರೆಯಿರಿ. ನನ್ನ ಬಿಸಿಬೇಳೆಬಾತ್ ಆರಿಸಬೇಡಿ.

ಇನ್ನೊಂದು ಕಡೆಯ ಲೆಕ್ಕವನ್ನು ಮಾತ್ರ ಯಾರೂ ಕೇಳುವುದಿಲ್ಲ. 2010ರಲ್ಲಿ ಬ್ರಾಂಕ್ಸ್‌ನಲ್ಲಿ 16 ವರ್ಷದ ಕಲೀಫ್ ಬ್ರೌಡರ್‌ನನ್ನು ಬ್ಯಾಗ್ ಕದ್ದ ಆರೋಪದ ಮೇಲೆ ಹಿಡಿದರು. ಜಾಮೀನು 3,000 ಡಾಲರ್. ಮನೆಯವರ ಹತ್ತಿರ ಇರಲಿಲ್ಲ. ರೈಕರ್ಸ್ ದ್ವೀಪದ ಜೈಲಿನಲ್ಲಿ ಮೂರು ವರ್ಷ ಇಟ್ಟರು, ಅದರಲ್ಲಿ ಜಾಸ್ತಿ ಕಾಲ ಒಂಟಿ ಕೋಣೆಯಲ್ಲಿ. ವಿಚಾರಣೆಯೇ ನಡೆಯಲಿಲ್ಲ, 2013ರಲ್ಲಿ ಕೇಸ್ ಕೈಬಿಟ್ಟರು. 2015ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. "ಅವನನ್ನ ಯಾಕಮ್ಮಾ ಒಳಗಿಟ್ರು?" ಅಂತ ನನ್ನನ್ನು ಯಾವ ಸಮಾರಂಭದಲ್ಲೂ ಒಬ್ಬರೂ ಕೇಳಿಲ್ಲ.

ಅಂಕಲ್ ಅಷ್ಟಕ್ಕೆ ಬಿಡಲಿಲ್ಲ. "ನಮ್ಮ ಇಂಡಿಯಾದಲ್ಲಿ ಹೀಗೆಲ್ಲಾ ಸುಮ್ನೆ ಬಿಡಲ್ಲ. ಪಹಣಿ ತಂದು ಶ್ಯೂರಿಟಿ ನಿಲ್ಲಬೇಕು" ಅಂದರು, ಹೆಮ್ಮೆಯಿಂದ. ನಿಜ, ನಿಲ್ಲಬೇಕು. ಜಮೀನು ಇಲ್ಲದವನು, ಜಮೀನು ಇರುವ ಗೆಳೆಯನೂ ಇಲ್ಲದವನು ಏನು ಮಾಡಬೇಕು? 1978ರಲ್ಲಿ ಮೋತಿರಾಮ್ ಅನ್ನುವ ಗಾರೆ ಕೆಲಸದವನ ಕೇಸು ಸುಪ್ರೀಂ ಕೋರ್ಟಿಗೆ ಬಂತು. ಮಧ್ಯಪ್ರದೇಶದ ಮ್ಯಾಜಿಸ್ಟ್ರೇಟ್ 10,000 ರೂಪಾಯಿ ಶ್ಯೂರಿಟಿ ಕೇಳಿ, ಅಣ್ಣತಮ್ಮನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಅಂತ ಅದನ್ನೂ ಒಪ್ಪಿರಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಕೆಂಡವಾದರು. ಒಬ್ಬ ಕನ್ನಡಿಗನನ್ನೋ ಮಲಯಾಳಿಯನ್ನೋ ಬಸ್ತರಿನಲ್ಲೋ ಚಾಂದನಿ ಚೌಕದಲ್ಲೋ ಹಿಡಿದರೆ, ಆ ಊರಿನಲ್ಲಿ ಆಸ್ತಿ ಇರುವ ಶ್ಯೂರಿಟಿಯನ್ನು ಎಲ್ಲಿಂದ ತರಬೇಕು ಅಂತ ತೀರ್ಪಿನಲ್ಲೇ ಕೇಳಿದರು. ಮರುವರ್ಷ ಬಿಹಾರದ ಕೈದಿಗಳ ಹುಸೈನಾರಾ ಖಾತೂನ್ ಪ್ರಕರಣದಲ್ಲಿ ನ್ಯಾಯಮೂರ್ತಿ ಭಗವತಿ, ಊರಿನಲ್ಲಿ ಬೇರು ಇರುವವನನ್ನು ಅವನದೇ ಮುಚ್ಚಳಿಕೆಯ ಮೇಲೆ ಬಿಡಬಹುದು ಅಂದರು. ಏನೇನು ನೋಡಬೇಕು ಅಂತಲೂ ಪಟ್ಟಿ ಕೊಟ್ಟರು: ಎಷ್ಟು ವರ್ಷದಿಂದ ಅಲ್ಲಿದ್ದಾನೆ, ಕೆಲಸ ಏನು, ಮನೆಯವರು ಯಾರು, ಯಾರು ಇವನ ಪರ ಮಾತಾಡುತ್ತಾರೆ. ಮ್ಯಾನ್‌ಹಟನ್ ಪ್ರಾಜೆಕ್ಟಿನ ಹೆಸರೂ ಆ ತೀರ್ಪಿನಲ್ಲಿದೆ. ಅಂದರೆ ನನ್ನ ಹುಡುಗರು ಕೇಳುವ ಪ್ರಶ್ನೆಗಳನ್ನು ಇಂಡಿಯಾದಲ್ಲೂ ಕೇಳಬೇಕು ಅಂತ 1979ರಲ್ಲೇ ಹೇಳಿಯಾಗಿದೆ. ಕೇಳಲು ಜನರನ್ನು ಮಾತ್ರ ನೇಮಿಸಲಿಲ್ಲ. ಇವತ್ತಿಗೂ ಅಲ್ಲಿನ ಜೈಲುಗಳಲ್ಲಿ ಹತ್ತಿರಹತ್ತಿರ ನಾಲ್ವರಲ್ಲಿ ಮೂವರು ವಿಚಾರಣಾಧೀನ ಕೈದಿಗಳು.

ಇಷ್ಟು ಹೇಳುವಷ್ಟರಲ್ಲಿ ಅಂಕಲ್ ಪಾಯಸದ ಕಡೆ ನೋಡುತ್ತಿದ್ದರು.

ನನ್ನನ್ನು ಕೇಳಬೇಕಾದ ಪ್ರಶ್ನೆ ಇನ್ನೊಂದಿದೆ, ಅದನ್ನು ನಾನೇ ಹೇಳಿಬಿಡುತ್ತೇನೆ. ಯಾರೂ ಫೋನ್ ಎತ್ತದಿದ್ದರೆ ಏನಾಗುತ್ತದೆ? ಹಿಡಿದ ತಕ್ಷಣ ಪೊಲೀಸರು ಮೊಬೈಲ್ ತೆಗೆದುಕೊಳ್ಳುತ್ತಾರೆ. ಹೆಂಡತಿ, ಅಮ್ಮ, ಬಾಸ್, ಎಲ್ಲರ ನಂಬರೂ ಅದರೊಳಗೆ. ಬಾಯಿಪಾಠ ಇರುವುದು ಅಬ್ಬಬ್ಬಾ ಅಂದರೆ ಒಂದು. ರಾತ್ರಿ ಎರಡು ಗಂಟೆಗೆ ಗುರುತಿಲ್ಲದ ನಂಬರಿನಿಂದ ಕರೆ ಹೋಗುತ್ತದೆ, ಆ ಕಡೆಯವರು ಯಾವುದೋ ಮೋಸದ ಕಾಲ್ ಅಂದುಕೊಂಡು ಕಟ್ ಮಾಡುತ್ತಾರೆ. ವರದಿಯಲ್ಲಿ "ಖಾತ್ರಿಯಾಗಿಲ್ಲ" ಅಂತ ಬೀಳುತ್ತದೆ. ಅವನು ಹೇಳಿದ್ದೆಲ್ಲ ನಿಜವೇ ಇರಬಹುದು. ಮತ್ತೆ ಮಾಡು, ಇನ್ನೊಂದು ನಂಬರ್ ನೆನಪಿದೆಯಾ ಕೇಳು, ಅವನು ಕೆಲಸ ಮಾಡುವ ಅಂಗಡಿಯ ನಂಬರ್ ಹುಡುಕು ಅಂತ ನಾನು ಹಿಂದೆ ಬೀಳುತ್ತೇನೆ. ಒಳಗೆ ಇನ್ನೂ ಇಪ್ಪತ್ತು ಜನ ಕಾಯುತ್ತಿರುತ್ತಾರೆ.

ಅಂಕಲ್‌ಗೆ ಕೇಳಿದೆ. "ಫೋನ್ ನೋಡದೆ ಆಂಟಿ ನಂಬರ್ ಹೇಳಿ ನೋಡೋಣ."

ಮೊದಲ ಮೂರು ಅಂಕಿ ಬಂತು, ನಿಂತಿತು. ಆಮೇಲೆ ತಡೆಯಿಲ್ಲದೆ ಒಂದು ಆರಂಕಿಯ ನಂಬರ್ ಹೇಳಿದರು. ಅದು ಎಂಬತ್ತರ ದಶಕದಲ್ಲಿ ಬಸವನಗುಡಿಯಲ್ಲಿ ಅವರ ಅಪ್ಪನ ಮನೆಯ ಲ್ಯಾಂಡ್‌ಲೈನ್.

ಆಂಟಿ ಪಕ್ಕದಲ್ಲೇ ಇದ್ದರು. "ನನ್ನ ನಂಬರ್ ಗೊತ್ತಿದ್ರೂ ಏನೂ ಉಪಯೋಗ ಇಲ್ಲಮ್ಮಾ," ಅಂದರು. "ಗುರುತಿಲ್ಲದ ಕಾಲ್ ನಾನು ಎತ್ತೋದೇ ಇಲ್ಲ."