ಪಂಚಾಯ್ತಿ ಲೈಬ್ರರಿಲಿ ಗಮಕ: ಜೂನ್‌ನಿಂದ ಇಲ್ಲಿವರ್ಗೂ ಏನೇನಾಯ್ತು

ಜೂನ್, ಮೊದಲನೇ ವಾರ

ಗಮಕ ಅಂದ್ರೆ ಕಾವ್ಯನ ರಾಗವಾಗಿ ಓದಿ ಅರ್ಥ ಹೇಳೋದು. ನಮ್ಮಲ್ಲಿ ಅದು ಶುರುವಾಗಿದ್ದು ಒಂದು ಪುಸ್ತಕದಿಂದ. ಅರಸೀಕೆರೆ ಕಡೆ ಸಣ್ಣ ಊರು ನಮ್ದು, ಪಂಚಾಯ್ತಿ ಆಫೀಸ್ ಪಕ್ಕದಲ್ಲೇ ಲೈಬ್ರರಿ. ಈಗ ಬೋರ್ಡ್ ಮೇಲೆ ಅರಿವು ಕೇಂದ್ರ ಅಂತ ಬರ್ದಿದ್ದಾರೆ, ಆದ್ರೆ ಊರಲ್ಲಿ ಎಲ್ರೂ ಲೈಬ್ರರಿ ಅಂತ್ಲೇ ಅನ್ನೋದು. ಪೇಪರ್ ಓದೋಕೆ ಹೋದವ್ನಿಗೆ ಕೆಳಗಿನ ರ್‍ಯಾಕಲ್ಲಿ ಕುವೆಂಪು, ಮಾಸ್ತಿ ಇಬ್ರೂ ಸೇರಿ ಸಂಪಾದಿಸಿದ ಕುಮಾರವ್ಯಾಸ ಭಾರತ ಕಾಣಿಸ್ತು, ದಪ್ಪ ಪುಸ್ತಕ, ಬೈಂಡಿಂಗ್ ಬಿಟ್ಕೊಂಡಿದೆ, ಹಿಂದ್ಗಡೆ ಅಂಟಿಸಿರೋ ಡೇಟ್ ಸ್ಲಿಪ್ ನೋಡಿದ್ರೆ ಕೊನೇ ಸೀಲು 2009ರದ್ದು. ಅಷ್ಟು ವರ್ಷ ಯಾರೂ ಮನೆಗೆ ತಗೊಂಡ್ಹೋಗಿಲ್ಲ.

ನಂಗೆ ಒಂಥರಾ ಸಂಕಟ ಆಯ್ತು. ನಮ್ಮಜ್ಜಿಗೆ ಅಕ್ಷರ ಬರ್ತಿರ್ಲಿಲ್ಲ, ಆದ್ರೆ ಇದೇ ಪುಸ್ತಕದ ಎಷ್ಟೋ ಪದ್ಯ ಬಾಯಲ್ಲಿತ್ತು, ರಾಗಿ ಬೀಸ್ತಾ ಹೇಳೋರು. ಮಳೆ ಕೈಕೊಟ್ಟ ವರ್ಷ ದೇವಸ್ಥಾನದ ಜಗಲಿ ಮೇಲೆ ವಿರಾಟಪರ್ವ ಓದ್ಸೋರು, ಒಬ್ರು ರಾಗವಾಗಿ ಓದೋರು, ಇನ್ನೊಬ್ರು ಅರ್ಥ ಹೇಳೋರು, ಓದು ಬರ್ದೇ ಇರೋರೇ ಜಾಸ್ತಿ ಜನ ಕೂತು ಕೇಳೋರು. ಅಂದ್ರೆ ಓದು ಬರ್ದೇ ಇದ್ದಾಗ ಊರಿಗೆಲ್ಲಾ ಗೊತ್ತಿದ್ದ ಕಾವ್ಯ, ಎಲ್ರಿಗೂ ಓದು ಬಂದ್ಮೇಲೆ ರ್‍ಯಾಕಿನ ಕೆಳಗೆ ಹೋಯ್ತು.

ಅವತ್ತೇ ಲೈಬ್ರರಿ ನೋಡ್ಕೊಳ್ಳೋ ಅಕ್ಕನ್ನ ಕೇಳ್ದೆ, ಭಾನುವಾರ ಸಾಯಂಕಾಲ ಮಕ್ಕಳಿಗೆ ಇದನ್ನ ರಾಗವಾಗಿ ಓದೋದು ಹೇಳ್ಕೊಡ್ಬೋದಾ ಇಲ್ಲಿ ಅಂತ. ನಾನೇನು ದೊಡ್ಡ ಗಮಕಿ ಅಲ್ಲ, ಮೂರು ವರ್ಷ ಪಾಠ ಆಗಿದೆ ಅಷ್ಟೇ. ಅಕ್ಕ ಅಂದ್ರು, "ಮಾಡಣ್ಣ, ಮೊಬೈಲ್ ಬಿಟ್ಟು ಬಂದ್ರೆ ಅದೇ ದೊಡ್ಡದು."

ಜೂನ್, ಮೂರನೇ ವಾರ

ಏಳು ಮಕ್ಳು ಬಂದ್ರು. ಎಲ್ರೂ ಲೈಬ್ರರಿ ಮೆಂಬರ್‌ಗಳೇ, 2020ರಲ್ಲಿ ಓದುವ ಬೆಳಕು ಅಂತ ಕಾರ್ಯಕ್ರಮ ಬಂತಲ್ಲ, ಮಕ್ಕಳಿಗೆ ಮೆಂಬರ್‌ಶಿಪ್ ಫ್ರೀ ಮಾಡಿದ್ರಲ್ಲ, ಅದ್ರಿಂದ ನಮ್ಮ ಶಾಲೆ ಮಕ್ಳು ಮುಕ್ಕಾಲು ಪಾಲು ಕಾರ್ಡ್ ಮಾಡ್ಸಿದ್ದಾರೆ. ಇದನ್ನ ಯಾಕೆ ಬರೀತಿದೀನಿ ಅಂದ್ರೆ, ತಾಲೂಕಲ್ಲಿ ಸಂಗೀತ ಕ್ಲಾಸ್ ಇದೆ, ಚೆನ್ನಾಗೇ ಹೇಳ್ಕೊಡ್ತಾರೆ, ಆದ್ರೆ ಫೀಸು, ಬಸ್ ಚಾರ್ಜು, ಜೊತೆಗೆ ಒಬ್ರು ಕರ್ಕೊಂಡು ಹೋಗ್ಬೇಕು, ಈ ಏಳು ಜನದಲ್ಲಿ ಒಬ್ರೂ ಅಲ್ಲಿಗೆ ಹೋಗೋರಲ್ಲ. ಮತ್ತೆ ದೇವಸ್ಥಾನದ ಜಗಲಿ ಅಂದ್ರೆ ಯಾರು ಎಲ್ಲಿ ಕೂರ್ಬೇಕು ಅನ್ನೋದು ಮೊದ್ಲೇ ತೀರ್ಮಾನ ಆಗಿರ್ತಿತ್ತು, ಕೆಲವ್ರು ಅಂಗಳದಾಚೆ ನಿಂತೇ ಕೇಳ್ಬೇಕಿತ್ತು, ನಾನೇ ನೋಡಿದೀನಿ. ಲೈಬ್ರರಿಲಿ ಆ ಲೆಕ್ಕ ಇಲ್ಲ, ಮೊದಲು ಬಂದವ್ರು ಫ್ಯಾನ್ ಕೆಳಗೆ ಕೂರ್ತಾರೆ ಅಷ್ಟೇ. ಅದಕ್ಕೇ ಇದನ್ನ ಲೈಬ್ರರಿಲೇ ಮಾಡ್ಬೇಕು ಅಂತ ನಂಗೆ ಹಠ.

ಮೊದಲ ಪದ್ಯನೇ ತಗೊಂಡ್ವಿ, ಶ್ರೀವನಿತೆಯರಸನೆ. ಮಕ್ಳು ಪಾಠದ ಪುಸ್ತಕ ಓದೋ ಹಾಗೆ ಓದಿದ್ರು, ಸಾಲು ಮುಗಿದ ಕಡೆ ನಿಲ್ಸಿದ್ರು, "ವಿಮಲ ರಾ" ಅಂತ ನಿಂತು, ಮುಂದಿನ ಸಾಲಲ್ಲಿ "ಜೀವಪೀಠನ" ಅಂತ ಶುರು ಮಾಡಿದ್ರು. ಒಬ್ಬ ಹುಡ್ಗ ಕೇಳ್ದ, "ಜೀವಪೀಠ ಅಂದ್ರೇನು ಸರ್?" ಜೀವಪೀಠ ಅಲ್ಲಪ್ಪ, ರಾಜೀವಪೀಠ, ರಾಜೀವ ಅಂದ್ರೆ ತಾವರೆ, ತಾವರೆ ಮೇಲೆ ಕೂತಿರೋನು ಬ್ರಹ್ಮ, ಅವನ ಅಪ್ಪ ವಿಷ್ಣು, ಅಂತ ಬಿಡಿಸ್ದಾಗ ಎಲ್ರ ಮುಖದಲ್ಲೂ ಓಹ್ ಅನ್ನೋದು ಕಾಣಿಸ್ತು. ಛಂದಸ್ಸಿಗೆ ಸಾಲು ಅಲ್ಲಿ ಮುರೀಬೇಕು, ಮುರಿಯುತ್ತೆ, ಆದ್ರೆ ಓದೋನು ಉಸಿರು ಎಲ್ಲಿ ತಗೋಬೇಕು ಅನ್ನೋದು ಬೇರೆ ವಿಷ್ಯ. ಅಚ್ಚಾದ ಪುಟದಲ್ಲಿ ಅದು ಕಾಣಲ್ಲ, ಕಿವಿಲಿ ಕೇಳೇ ಕಲೀಬೇಕು.

ಆಮೇಲೆ ಚಪ್ಪಾಳೆ. ಈ ಕಾವ್ಯ ಇರೋದು ಭಾಮಿನಿ ಷಟ್ಪದಿಲಿ, ಆರು ಸಾಲಿನ ಪದ್ಯ, ಮಾತ್ರೆ ಲೆಕ್ಕ (ಮಾತ್ರೆ ಅಂದ್ರೆ ಒಂದು ಚಿಕ್ಕ ಅಕ್ಷರ ಹೇಳೋಷ್ಟು ಹೊತ್ತು) ಮೂರು ನಾಲ್ಕು ಮೂರು ನಾಲ್ಕು, ತಕಿಟ ತಕದಿಮಿ ತಕಿಟ ತಕದಿಮಿ. ಶ್ರೀವ, ನಿತೆಯರ, ಸನೆವಿ, ಮಲರಾ. ಮೂರನೇ ಸಾಲು ಮತ್ತೆ ಆರನೇ ಸಾಲು ಒಂದೂವರೆ ಪಟ್ಟು ಉದ್ದ, ಕೊನೇಲಿ ಒಂದು ಗುರು, ಅಂದ್ರೆ ಎರಡು ಮಾತ್ರೆ ಎಳೆದು ಹೇಳೋ ಅಕ್ಷರ, ನಿಲ್ಲುತ್ತೆ. ಲಘು ಗುರು ಪ್ರಸ್ತಾರ ಹಾಕೋದು, ಅಂದ್ರೆ ಒಂದು ಮಾತ್ರೆ ಅಕ್ಷರ ಯಾವ್ದು ಎರಡು ಮಾತ್ರೆದು ಯಾವ್ದು ಅಂತ ಗುರುತು ಹಾಕೋದು, ಹೈಸ್ಕೂಲ್ ಪರೀಕ್ಷೆಲಿ ಅಂಕಕ್ಕೆ ಮಾಡ್ತಾರೆ, ಇಲ್ಲಿ ಐದನೇ ಕ್ಲಾಸಿನ ಹುಡುಗಿ ಪೆನ್ನೇ ಇಲ್ದೆ ಕೈಯಲ್ಲಿ ತಟ್ಟಿ ಹೇಳ್ಬಿಟ್ಳು.

ಜುಲೈ

ಎರಡು ವಾರ ಏನೂ ಆಗ್ಲಿಲ್ಲ. ಒಂದು ಭಾನುವಾರ ಮದುವೆ, ಇನ್ನೊಂದು ಕರೆಂಟ್ ಇಲ್ಲ.

ಅದಾದ್ಮೇಲೆ ಜಗಳ. ಲೈಬ್ರರಿಲಿ ಪಿಡಿಒ, ಪೊಲೀಸ್ ಕಾನ್‌ಸ್ಟೇಬಲ್ ಪರೀಕ್ಷೆಗೆ ಓದೋ ಹುಡುಗ್ರು ಐದಾರು ಜನ ಇದ್ದಾರೆ, ಮನೇಲಿ ಜಾಗ ಇಲ್ಲ, ಬೆಳಿಗ್ಗೆಯಿಂದ ಸಂಜೆವರ್ಗೂ ಇಲ್ಲೇ. ಅವ್ರು ಅಕ್ಕನ ಹತ್ರ ಹೋಗಿ ಡಿಸ್ಟರ್ಬ್ ಆಗ್ತಿದೆ ಅಂದ್ರು. ಅವ್ರದ್ದು ತಪ್ಪು ಅಂತ ನಾನು ಹೇಳಲ್ಲ, ಒಂದು ಕೆಲ್ಸ ಸಿಕ್ಕಿದ್ರೆ ಇಡೀ ಮನೆ ನಿಲ್ಲುತ್ತೆ. ಮೇಲಿನ ಆಫೀಸಿಂದ ಬಂದಿದ್ದ ಒಬ್ರು ಮಾತ್ರ "ಲೈಬ್ರರಿ ಅಂದ್ರೆ ಸೈಲೆನ್ಸ್ ಇರ್ಬೇಕು, ಹಾಡು ಕುಣಿತ ಎಲ್ಲಾ ಸ್ಕೂಲ್ ಡೇ ದಿನ ಮಾಡ್ಕೊಳ್ಳಿ" ಅಂದಿದ್ದು ಬೇಜಾರಾಯ್ತು. ಕುಮಾರವ್ಯಾಸನ್ನ ಮೌನವಾಗಿ ಓದಿದ್ರೆ ಅರ್ಧ ಮಾತ್ರ ಓದಿದ ಹಾಗೆ, ನಾದ ಸಿಗಲ್ಲ, ಆ ಮೌನದಿಂದ್ಲೇ ಅಲ್ವಾ ಅಷ್ಟು ವರ್ಷ ಡೇಟ್ ಸ್ಲಿಪ್ ಖಾಲಿ ಇದ್ದಿದ್ದು.

ಕೊನೆಗೆ ವರಾಂಡಕ್ಕೆ ಶಿಫ್ಟ್ ಆದ್ವಿ, ನಾಲ್ಕೂವರೆಯಿಂದ ಐದೂಮುಕ್ಕಾಲು ಅಂತ ಟೈಮ್ ಫಿಕ್ಸ್, ಚಾಪೆ ನಮ್ಮನೇದು. ಎರಡನೇ ವಾರಕ್ಕೆ ಆ ಪರೀಕ್ಷೆ ಹುಡುಗ್ರಲ್ಲೇ ಒಬ್ಬ ಹೊರಗೆ ಬಂದು ನಿಂತ್ಕೊಂಡ, ಡಿಗ್ರಿಲಿ ಕನ್ನಡ ಓದಿದ್ದಾನೆ, ನಾನು ಅರ್ಥ ಹೇಳ್ತಿದ್ದಾಗ "ಸರ್ ಅದಕ್ಕೆ ಇನ್ನೊಂದು ಅರ್ಥನೂ ಇದೆ" ಅಂದ. ಸರಿ ನೀನೇ ಹೇಳಪ್ಪ ಅಂದೆ. ಅವತ್ತಿಂದ ವ್ಯಾಖ್ಯಾನ ಅವನ್ದೇ. ಗಮಕದಲ್ಲಿ ವಾಚನ ಎಷ್ಟು ಮುಖ್ಯನೋ ವ್ಯಾಖ್ಯಾನನೂ ಅಷ್ಟೇ ಮುಖ್ಯ, ಜೋಡಿ ಎತ್ತು ಇದ್ದ ಹಾಗೆ, ನಂಗೆ ಒಂದು ಎತ್ತು ಕಮ್ಮಿ ಇತ್ತು.

ಆಗಸ್ಟ್ 12

ಗ್ರಂಥಾಲಯ ದಿನ, ನಮ್ಮ ದೇಶದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರ ಹುಟ್ಟುಹಬ್ಬ. ಅಕ್ಕ ಫೋಟೋಗೆ ಹಾರ ಹಾಕಿ, ಅವ್ರು 1931ರಲ್ಲಿ ಬರೆದ ಐದು ಸೂತ್ರ ಚಾರ್ಟ್ ಮೇಲೆ ಬರೆಸಿದ್ರು. ಮೊದಲನೇದೇ ಪುಸ್ತಕ ಇರೋದು ಬಳಕೆಗೆ ಅಂತ. ಎಷ್ಟೋ ಲೈಬ್ರರಿಲಿ ಗಾಜಿನ ಬೀರುಗೆ ಬೀಗ ಹಾಕಿ ಇಟ್ಟಿರೋದು ನೋಡಿರೋರಿಗೆ ಈ ಮಾತಿನ ಬೆಲೆ ಗೊತ್ತಾಗುತ್ತೆ.

ಮಕ್ಳು ನಾಲ್ಕು ಪದ್ಯ ಓದಿದ್ರು. ವಿರಾಟಪರ್ವದ ಉತ್ತರಕುಮಾರನ ಭಾಗ, ಹೆಂಗಸ್ರ ಮುಂದೆ ಕೂತ್ಕೊಂಡು ನಾನು ಭೀಷ್ಮನ್ನ ಹಂಗ್ ಮಾಡ್ತೀನಿ ದ್ರೋಣನ್ನ ಹಿಂಗ್ ಮಾಡ್ತೀನಿ ಅಂತ ಕೊಚ್ಕೊಳ್ತಾನಲ್ಲ, ಅದು. ಓದಿದ ಹುಡುಗ ಮೀಸೆ ತಿರುವೋದು ಸೇರಿಸ್ದ, ನಾನು ಹೇಳ್ಕೊಟ್ಟಿದ್ದಲ್ಲ. ಪಂಚಾಯ್ತಿ ಮೆಂಬರ್‌ಗಳು ಬಿದ್ದೂ ಬಿದ್ದೂ ನಕ್ಕರು. ಒಬ್ರು ಕೇಳಿದ್ರು ಇದನ್ನ ಕಲ್ತು ಮುಂದೆ ಏನ್ ಉಪಯೋಗ ಅಂತ. ಶಿವಮೊಗ್ಗ ಹತ್ರ ಹೊಸಹಳ್ಳಿಯ ಎಚ್.ಆರ್. ಕೇಶವಮೂರ್ತಿ ಅವ್ರಿಗೆ ಗಮಕಕ್ಕೇ 2022ರಲ್ಲಿ ಪದ್ಮಶ್ರೀ ಬಂತು ಅಂದೆ, ಒಪ್ಕೊಂಡ್ರು. ಆದ್ರೆ ನಿಜವಾದ ಉತ್ತರ ಅದಲ್ಲ, ಆ ಮೀಸೆ ತಿರುವಿದ ಹುಡುಗ ಶಾಲೇಲಿ ಓದು ಅಂದ್ರೆ ಎದ್ದು ನಿಲ್ಲೋಕೆ ಹೆದರ್ತಿದ್ದ ಹುಡುಗ. ಅದನ್ನ ಅವ್ನ ಎದುರಿಗೆ ಹೇಳೋಕೆ ಇಷ್ಟ ಆಗ್ಲಿಲ್ಲ.

ಇನ್ನೊಂದು ಮಾತು ಅವತ್ತೇ ಬಂತು. ನಮ್ಮ ಕಂದಾಯದ ರಸೀದಿಲಿ ಗ್ರಂಥಾಲಯ ಕರ ಅಂತ ಇರುತ್ತೆ, ಶೇ 6, 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದಿದ್ದು. ಅಂದ್ರೆ ಈ ಕೋಣೆ, ಈ ಪುಸ್ತಕ ಊರೋರು ದುಡ್ಡು ಕೊಟ್ಟು ಮಾಡ್ಕೊಂಡಿರೋದು. ಇದನ್ನ ಹೇಳ್ದಾಗ ಸುಮಾರು ಜನಕ್ಕೆ ಆಶ್ಚರ್ಯ. 2019ರಲ್ಲಿ ಗ್ರಾಮ ಪಂಚಾಯ್ತಿ ಲೈಬ್ರರಿಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದ್ಮೇಲೆ ಪಂಚಾಯ್ತಿ ಮನಸ್ಸು ಮಾಡಿದ್ರೆ ತುಂಬಾ ಮಾಡ್ಬೋದು, ನಮ್ಮಲ್ಲಿ ವರಾಂಡಕ್ಕೆ ಎರಡು ಟ್ಯೂಬ್‌ಲೈಟ್ ಮಂಜೂರಾಗಿದೆ.

ಸೆಪ್ಟೆಂಬರ್, ಕ್ಯಾಸೆಟ್ ಕಥೆ

ಇದು ಪ್ಲಾನಲ್ಲೇ ಇರ್ಲಿಲ್ಲ. ಗ್ರಂಥಾಲಯ ದಿನ ಕೇಳೋಕೆ ಬಂದಿದ್ದ ಅಜ್ಜಿ ಒಬ್ರು ಮಾರನೇ ವಾರ ಬಿಸ್ಕತ್ ಡಬ್ಬಿ ತಂದು ಕೈಗೆ ಕೊಟ್ರು, ಅದ್ರಲ್ಲಿ 11 ಕ್ಯಾಸೆಟ್. ಅವ್ರ ಯಜಮಾನ್ರು ಜಗಲಿ ಮೇಲೆ ಓದ್ತಿದ್ರಲ್ಲ, ಅವ್ರೇ, 80ರ ದಶಕದಲ್ಲಿ ಮಗ ಟೇಪ್ ರೆಕಾರ್ಡರ್ ತಂದಾಗ ನವರಾತ್ರಿಲಿ ರೆಕಾರ್ಡ್ ಮಾಡಿದ್ದಂತೆ. "ನಮ್ಮನೇಲಿ ಹಾಕೋಕೆ ಮಿಷಿನ್ ಇಲ್ಲ, ನಾನ್ ಕೇಳಿ ಎಷ್ಟೋ ವರ್ಷ ಆಯ್ತು" ಅಂದ್ರು.

ಹಳೇ ಡೆಕ್ ಒಂದು ಹಾಸನದ ರಿಪೇರಿ ಅಂಗಡಿಲಿ ಸಿಕ್ತು, ಬೆಲ್ಟ್ ಹೊಸದು ಹಾಕ್ಸಿದೆ. ಹೆಡ್ ಕ್ಲೀನ್ ಮಾಡೋಕೆ ಸ್ಪಿರಿಟ್, ಹತ್ತಿ. ಡೆಕ್ಕಿಂದ ಒಂದು ಕೇಬಲ್ ಲೈಬ್ರರಿ ಕಂಪ್ಯೂಟರ್‌ಗೆ, ಆಡಾಸಿಟಿ ಅನ್ನೋ ಸಾಫ್ಟ್‌ವೇರಲ್ಲಿ ರೆಕಾರ್ಡಿಂಗ್. ಮೊದಲನೇದೇ ಕಷ್ಟ ಕೊಡ್ತು, ದನಿ ಬಾವಿ ಒಳಗಿಂದ ಬಂದ ಹಾಗೆ, ಬಿಚ್ಚಿ ನೋಡಿದ್ರೆ ಟೇಪನ್ನ ಹೆಡ್‌ಗೆ ಒತ್ತೋ ಸಣ್ಣ ಫೆಲ್ಟ್ ತುಂಡು ಉದುರಿ ಹೋಗಿದೆ. ಬೇರೆ ಖಾಲಿ ಕ್ಯಾಸೆಟ್ಟಿನ ಡಬ್ಬಿಗೆ ಎರಡೂ ಸುರುಳಿ ಎತ್ತಿ ಹಾಕಿ ಸ್ಕ್ರೂ ಬಿಗಿದೆ, ಕೈ ನಡುಗ್ತಿತ್ತು, ಯಾಕಂದ್ರೆ ಹರಿದ್ರೆ ಇನ್ನೊಂದು ಪ್ರತಿ ಪ್ರಪಂಚದಲ್ಲೇ ಇಲ್ಲ. ಆಮೇಲೆ ಸರಿಯಾಗಿ ಬಂತು. ಮೋನೋದಲ್ಲೇ ಸೇವ್ ಮಾಡ್ತಿದೀನಿ, ವೇವ್ ಫೈಲು, ಒಂದು ಗಂಟೆಗೆ 300 ಎಂಬಿ ಚಿಲ್ಲರೆ ಆಗುತ್ತೆ. ನಾಯ್ಸ್ ತೆಗೆಯೋಕೆ ಹೋಗಿಲ್ಲ, ಹಿಂದೆ ಯಾರೋ ಕೆಮ್ಮೋದು, ಒಂದು ಕಡೆ ಕರು ಕೂಗೋದು ಎಲ್ಲಾ ಇದೆ, ಅದೂ ಇರ್ಲಿ.

ಅಜ್ಜಿ ಹತ್ರ, ಮಗನ ಹತ್ರ ಒಪ್ಪಿಗೆ ಪತ್ರ ಬರೆಸ್ಕೊಂಡ್ವಿ, ಲೈಬ್ರರಿಲಿ ಕೂತು ಯಾರು ಬೇಕಾದ್ರೂ ಕೇಳ್ಬೋದು, ಮಾರೋ ಹಾಗಿಲ್ಲ ಅಂತ. ಒಂದು ಕಾಪಿ ಲೈಬ್ರರಿ ಕಂಪ್ಯೂಟರ್ರಲ್ಲಿ, ಒಂದು ಹಾರ್ಡ್ ಡಿಸ್ಕಲ್ಲಿ, ಒಂದು ಪೆನ್‌ಡ್ರೈವಲ್ಲಿ ಅವ್ರ ಮನೆಗೆ. ಅಕ್ಕ ಅದಕ್ಕೆ ರಿಜಿಸ್ಟರಲ್ಲಿ ನಂಬರ್ ಕೊಟ್ರು, ಪುಸ್ತಕಕ್ಕೆ ಕೊಟ್ಟ ಹಾಗೇನೇ. ಆ ನಂಬರ್ ಬರ್ಯೋವಾಗ ನಂಗೆ ಕಣ್ಣು ತುಂಬ್ಕೊಂತು. ನಮ್ಮೂರ ದನಿ ನಮ್ಮೂರ ಲೈಬ್ರರಿ ಸ್ವತ್ತಾಯ್ತು.

ಕೇಳ್ತಾ ಹೋದ್ರೆ ಕಲಿಯೋದು ಬೇಕಾದಷ್ಟಿದೆ. ಅವ್ರು ಯುದ್ಧದ ಭಾಗ ಅಠಾಣ ರಾಗದಲ್ಲಿ ಎತ್ಕೊಂಡು, ಅಭಿಮನ್ಯು ಬಿದ್ದ ಕಡೆ ಮುಖಾರಿ ರಾಗಕ್ಕೆ ಬರೋದು, ನನ್ನ ಗುರುಗಳು ಹೇಳ್ಕೊಟ್ಟ ದಾರಿನೂ ಹತ್ರತ್ರ ಅದೇ. ಆದ್ರೆ ಅವ್ರು ಒಂದೊಂದ್ಕಡೆ ರಾಗ ಬಿಟ್ಟು ಬರೀ ಮಾತಾಡೋ ಹಾಗೆ ಹೇಳಿ ಮತ್ತೆ ರಾಗಕ್ಕೆ ಏರ್ತಾರೆ, ಅದು ಯಾವ ಪಾಠದಲ್ಲೂ ಸಿಗಲ್ಲ. ಸಂಗೀತ ಕಚೇರಿ ಥರ ಒಂದೇ ಸಾಲನ್ನ ತಿರುಗಾಮುರುಗಾ ಹಾಡೋದು ಗಮಕದಲ್ಲಿಲ್ಲ, ಸಾಹಿತ್ಯ ಕೇಳೋರಿಗೆ ಮುಟ್ಬೇಕು, ರಾಗ ಅದನ್ನ ಹೊತ್ಕೊಂಡು ಹೋಗ್ಬೇಕು ಅಷ್ಟೇ. ಮಕ್ಕಳಿಗೆ ಇದನ್ನ ಹತ್ತು ಸಲ ಹೇಳಿದ್ದೆ, ಆ ಕ್ಯಾಸೆಟ್ ಐದು ನಿಮಿಷ ಕೇಳ್ಸಿದ್ಮೇಲೆ ಮತ್ತೆ ಹೇಳೋ ಕೆಲ್ಸ ಬೀಳ್ಲಿಲ್ಲ.

ಅಕ್ಟೋಬರ್

ಈಗ ರೆಗ್ಯುಲರ್ ಆಗಿ 13 ಮಕ್ಳು, ದೊಡ್ಡೋರು ನಾಲ್ಕೈದು ಜನ. ಒಂದೇ ಪುಸ್ತಕಕ್ಕೆ ಅಷ್ಟು ತಲೆ ಬಗ್ಗೋದು ಕಷ್ಟ ಅಂತ ಪದ್ಯಗಳನ್ನ ದಪ್ಪ ಅಕ್ಷರದಲ್ಲಿ ಟೈಪ್ ಮಾಡಿ ಎ4 ಹಾಳೆಲಿ ಪ್ರಿಂಟ್ ತೆಗ್ಸಿದೀನಿ, ಉಸಿರು ತಗೊಳ್ಳೋ ಕಡೆ ಸಣ್ಣ ಗೆರೆ. ಟೈಪ್ ಮಾಡೋವಾಗ ಒಂದು ಚೆಂದದ ಘಟನೆ. ಮೊದಲ ಪದ್ಯದ ಕೊನೇಲಿ ಗದುಗಿನ ವೀರನಾರಯಣ ಅಂತಿದೆ. ಆರನೇ ಕ್ಲಾಸಿನ ಹುಡುಗಿ ಹಾಳೆ ತಂದು, "ಸರ್ ಟೈಪಿಂಗ್ ಮಿಸ್ಟೇಕು, ನಾರಾಯಣ ಆಗ್ಬೇಕು" ಅಂದ್ಳು. ತಟ್ಟಿ ನೋಡು ಅಂದೆ. ವೀರ, ನಾರಯ, ಣ. ಸರಿಯಾಗಿ ಕೂತ್ಕೊಳ್ತು. ನಾರಾಯ ಅಂತ ತಟ್ಟಿದ್ಳು, ಒಂದು ಮಾತ್ರೆ ಹೆಚ್ಚಾಯ್ತು. ಮತ್ತೆ ತಟ್ಟಿದ್ಳು. ಆಮೇಲೆ ನಿಧಾನಕ್ಕೆ "ಓ, ಅವ್ರು ಬೇಕಂತ್ಲೇ ಚಿಕ್ಕದು ಮಾಡಿದ್ದಾರೆ" ಅಂದ್ಳು. ಕವಿ ಕೈ ಹೇಗೆ ಕೆಲ್ಸ ಮಾಡುತ್ತೆ ಅನ್ನೋದು ಆ ಹುಡುಗಿಗೆ ಹನ್ನೊಂದನೇ ವಯಸ್ಸಿಗೆ ಕಾಣಿಸ್ತು, ಅದೂ ಪಂಚಾಯ್ತಿ ಲೈಬ್ರರಿ ವರಾಂಡದಲ್ಲಿ.

ಬೈಂಡಿಂಗ್ ಬಿಟ್ಟಿದ್ದ ಪುಸ್ತಕ ತಿಪಟೂರಿಗೆ ಕಳ್ಸಿ ಹೊಲಿಸ್ಕೊಂಡು ಬಂದಾಯ್ತು. ಡೇಟ್ ಸ್ಲಿಪ್ ಹಳೇದನ್ನ ಕೀಳ್ಬೇಡಿ ಅಂದಿದ್ದೆ, ಅದ್ರ ಮೇಲೇ ಅಕ್ಕ ಹೊಸದು ಅಂಟಿಸಿದ್ದಾರೆ, ಈಗ ಆರು ಸೀಲು ಬಿದ್ದಿದೆ.

ಬಾಕಿ ಇರೋದು: ಕ್ಯಾಸೆಟ್ 11ರಲ್ಲಿ 7 ಆಗಿದೆ, ಒಂದಕ್ಕೆ ಫಂಗಸ್ ಹಿಡಿದಿದೆ, ಅದನ್ನ ಮುಟ್ಟೋಕೆ ಧೈರ್ಯ ಸಾಲ್ತಿಲ್ಲ, ಗೊತ್ತಿರೋರು ಇದ್ರೆ ದಯವಿಟ್ಟು ಹೇಳಿ. ಸಂಕ್ರಾಂತಿ ಆದ್ಮೇಲೆ ಜೈಮಿನಿ ಭಾರತ ಶುರು ಮಾಡೋ ಆಸೆ, ಅದು ವಾರ್ಧಕ ಷಟ್ಪದಿ, ಐದೈದು ಮಾತ್ರೆ, ಚಪ್ಪಾಳೆ ಲೆಕ್ಕನೇ ಬದಲಾಗುತ್ತೆ, ಮಕ್ಳು ಈಗ್ಲೇ ತಕತಕಿಟ ಅಂತ ಬೆಂಚ್ ಮೇಲೆ ತಟ್ತಾ ಇದ್ದಾರೆ. ಬರೋ ಭಾನುವಾರ ಅಜ್ಜಿ ಬರ್ತೀನಿ ಅಂದಿದ್ದಾರೆ, ಅವ್ರ ಯಜಮಾನ್ರು ಓದಿರೋ ಪದ್ಯನೇ ಆ ಮೀಸೆ ಹುಡುಗ ಅದೇ ರಾಗದಲ್ಲಿ ಓದ್ತಾನೆ, ಒಂದು ವಾರದಿಂದ ಹೆಡ್‌ಫೋನ್ ಹಾಕ್ಕೊಂಡು ಲೈಬ್ರರಿ ಮೂಲೇಲಿ ಕೂತು ಕಲೀತಿದ್ದಾನೆ.