ಆರು ಕಿಲೋ ಹೆಚ್ಚುವರಿ ಪುಡಿ

ಚಿಕ್ಕಮಗಳೂರಿನಲ್ಲಿ ಕಾಫಿ ಬೀಜ ಹುರಿದು, ಪುಡಿ ಮಾಡಿ ಆನ್‌ಲೈನ್‌ನಲ್ಲಿ ಮಾರುವ ಒಂದು ಅಂಗಡಿಗೆ ನಾನು ಸಾಫ್ಟ್‌ವೇರ್ ಬರೆದುಕೊಡುತ್ತೇನೆ. ಕೆಳಗೆ ಪುಡಿ ಮಾಡುವ ಯಂತ್ರ, ಮಹಡಿಯ ಮೇಲೆ ನನ್ನ ಮೇಜು. ಸಂಜೆ ಮನೆಗೆ ಹೋದರೆ ಅಂಗಿಯೂ ಘಮ್ಮೆನ್ನುತ್ತದೆ.

ಅಂಗಡಿಯ ಅಡ್ಮಿನ್ ಪುಟ ಸಿದ್ಧರೂಪದಲ್ಲಿ ಬಂದದ್ದು. ಆರ್ಡರ್‌ಗಳನ್ನು ಒಂದರ ಕೆಳಗೊಂದು ತೋರಿಸುತ್ತದೆ: ಹೆಸರು, ಮೊತ್ತ, ಸ್ಥಿತಿ. ಪ್ಯಾಕಿಂಗ್ ನೋಡಿಕೊಳ್ಳುವ ಅಕ್ಕ ಬೆಳಿಗ್ಗೆ ಬಂದವರೇ ನಿನ್ನೆಯ ಆರ್ಡರ್‌ಗಳನ್ನು ಒಂದೊಂದಾಗಿ ತೆರೆದು, ರೂಲ್ ಹಾಳೆಯ ನೋಟ್‌ಬುಕ್ಕಿನಲ್ಲಿ ‘80–20, ಅರ್ಧ ಕೆ.ಜಿ.’ ಎಂದು ಬರೆದು ಅದರ ಕೆಳಗೆ ನಾಲ್ಕು ನೆಟ್ಟನೆ ಗೀಟು, ಐದನೆಯದು ಅಡ್ಡ, ಹೀಗೆ ಎಳೆಯುತ್ತಿದ್ದರು. ಎಂಬತ್ತು ಪಾಲು ಕಾಫಿ, ಇಪ್ಪತ್ತು ಪಾಲು ಚಿಕೋರಿ. ಪುಡಿಯಾದ ಕಾಫಿಯ ಪರಿಮಳ ಬೇಗ ಹಾರಿಹೋಗುವುದರಿಂದ ಬೇಕಾದಷ್ಟನ್ನೇ ಪುಡಿ ಮಾಡುವುದು ಇಲ್ಲಿನ ಪದ್ಧತಿ. ಯಂತ್ರ ಶುರುವಾಗುವ ಮೊದಲೇ ಲೆಕ್ಕ ಸಿಗಬೇಕು.

ಆ ಗೀಟುಗಳನ್ನು ಕಂಪ್ಯೂಟರ್ ಎಳೆಯಲಿ ಎಂದು ಒಂದು ಪ್ರತ್ಯೇಕ ಸರ್ವಿಸ್, ಅಂದರೆ ಈ ಒಂದೇ ಕೆಲಸದ ಪ್ರೋಗ್ರಾಂ, ಬರೆದೆ. ಆರ್ಡರ್, ಅದರೊಳಗಿನ ವಸ್ತುಗಳು, ಪಾವತಿ, ಡೇಟಾಬೇಸ್‌ನಲ್ಲಿ ಸಾಲು ಸಾಲಾಗಿ ಮಾಹಿತಿ ಇಡುವ ಈ ಮೂರು ಟೇಬಲ್‌ಗಳನ್ನು ಜೋಡಿಸಿ, ಹಣ ಬಂದ ಆರ್ಡರ್‌ಗಳನ್ನು ಮಾತ್ರ ಹಿಡಿದು, ಮಿಶ್ರಣದ ಪ್ರಕಾರ ಒಟ್ಟು ಮಾಡುವ ಒಂದೇ ಕ್ವೆರಿ, ಅಂದರೆ ಡೇಟಾಬೇಸ್‌ಗೆ ಕೇಳುವ ಪ್ರಶ್ನೆ. ಪರೀಕ್ಷೆಯಲ್ಲಿ ಎಲ್ಲವೂ ಸರಿಯಿತ್ತು.

ಮೂರನೆಯ ದಿನ ಅಕ್ಕ ಮೆಟ್ಟಿಲು ಹತ್ತಿ ಬಂದರು. “ಏನಪ್ಪಾ, ನಿನ್ನ ಪರದೆ 46 ಪೊಟ್ಟಣ ಎನ್ನುತ್ತದೆ, ನನ್ನ ಪುಸ್ತಕ 34 ಎನ್ನುತ್ತದೆ. ಯಂತ್ರದವನು ಪರದೆ ನೋಡಿ ಪುಡಿ ಮಾಡಿಬಿಟ್ಟ.” ಹನ್ನೆರಡು ಅರ್ಧ ಕಿಲೋ, ಅಂದರೆ ಆರು ಕಿಲೋ ಹೆಚ್ಚು. ನನ್ನ ಮೇಲೆ ನಂಬಿಕೆಯಿಲ್ಲದೆ ಅವರು ಗೀಟು ಎಳೆಯುವುದನ್ನು ನಿಲ್ಲಿಸಿರಲಿಲ್ಲ. ಪುಣ್ಯ.

ತಪ್ಪು ಪಾವತಿಯ ಟೇಬಲ್‌ನಲ್ಲಿತ್ತು. ಕೆಲವರು ಸ್ವಲ್ಪ ಹಣ ಗಿಫ್ಟ್ ಕಾರ್ಡಿನಿಂದ, ಉಳಿದದ್ದು ಯುಪಿಐಯಿಂದ ಕಟ್ಟಿದ್ದರು. ಒಂದು ಆರ್ಡರ್‌ಗೆ ಯಶಸ್ವಿಯಾದ ಎರಡು ಪಾವತಿ ಸಾಲು; ಜೋಡಿಸಿದಾಗ ಅದರ ಪೊಟ್ಟಣವೂ ಎರಡು ಸಲ ಎಣಿಕೆಗೆ ಬಂತು. ನನ್ನ ಪರೀಕ್ಷಾ ದತ್ತಾಂಶದಲ್ಲಿ ಎಲ್ಲರೂ ಒಂದೇ ಸಲಕ್ಕೆ ಪೂರ್ತಿ ಹಣ ಕಟ್ಟುವ ಸಜ್ಜನರಾಗಿದ್ದರು.

ಗಾಬರಿಯಲ್ಲಿ ಮೊದಲು ಕೈಗೆ ಸಿಕ್ಕಿದ್ದು ಡಿಸ್ಟಿಂಕ್ಟ್, ಒಂದೇ ಸಂಖ್ಯೆ ಮತ್ತೆ ಮತ್ತೆ ಬಂದರೆ ಅದನ್ನು ಒಂದೇ ಸಲ ಹಿಡಿಯುವ ಆಜ್ಞೆ. ಪೊಟ್ಟಣಗಳನ್ನು ಒಟ್ಟು ಮಾಡುವ ಕಡೆ ಅದನ್ನು ಸೇರಿಸಿದೆ. ಸಂಖ್ಯೆ ಪಾತಾಳಕ್ಕೆ ಇಳಿಯಿತು. ಒಂದೊಂದು ಪೊಟ್ಟಣ ಕೊಂಡ ಇಪ್ಪತ್ತು ಮಂದಿಯ ‘1’ಗಳೆಲ್ಲ ಒಂದೇ ‘1’ ಆಗಿಬಿಟ್ಟವು. ಇದು ಮೊದಲಿನ ತಪ್ಪಿಗಿಂತ ಕೆಟ್ಟದ್ದು. ಕೊನೆಗೆ ಪಾವತಿಯ ಟೇಬಲ್ ಅನ್ನು ಜೋಡಿಸುವುದನ್ನೇ ಬಿಟ್ಟು, ‘ಈ ಆರ್ಡರ್‌ಗೆ ಯಶಸ್ವಿ ಪಾವತಿ ಇದೆಯೇ’ ಎಂದು ಎಕ್ಸಿಸ್ಟ್ಸ್‌ನಿಂದ ಕೇಳಿದೆ. ಇದೆಯೇ ಇಲ್ಲವೇ ಎಂಬ ಪ್ರಶ್ನೆಗೆ ಎಷ್ಟು ಸಾಲಿದ್ದರೂ ಉತ್ತರ ಒಂದೇ.

ಜೊತೆಗೆ ಇನ್ನೊಂದು ಸಿಕ್ಕಿತು. ಡೇಟಾಬೇಸ್ ಸಮಯವನ್ನು ಯುಟಿಸಿಯಲ್ಲಿ, ಅಂದರೆ ಜಾಗತಿಕ ಪ್ರಮಾಣ ಸಮಯದಲ್ಲಿ ಇಡುತ್ತದೆ, ಅದು ನಮಗಿಂತ ಐದೂವರೆ ಗಂಟೆ ಹಿಂದೆ. ನಸುಕಿನ 3 ಗಂಟೆಗೆ ಬಂದ ಆರ್ಡರ್ ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತಿತ್ತು. ಪ್ರತಿ ಸಾಲಿನ ಸಮಯವನ್ನು ಬದಲಿಸಿ ಹೋಲಿಸಿದರೆ ಆ ಕಾಲಂನ ಇಂಡೆಕ್ಸ್, ಅಂದರೆ ಬೇಗ ಹುಡುಕಲು ಇರುವ ಸೂಚಿ, ಕೆಲಸಕ್ಕೆ ಬಾರದು. ಆದ್ದರಿಂದ ದಿನದ ಗಡಿಗಳನ್ನೇ ಸರಿಸಿದೆ: ಯುಟಿಸಿಯಲ್ಲಿ ಹಿಂದಿನ ದಿನದ 18:30ರಿಂದ ಆ ದಿನದ 18:30ರ ತನಕ.

ಈಗ ಪರೀಕ್ಷಾ ದತ್ತಾಂಶದಲ್ಲಿ ಎರಡು ಕಂತಿನಲ್ಲಿ ಹಣ ಕಟ್ಟುವ ಒಬ್ಬರು, ಒಂದೇ ಪ್ರಮಾಣ ಕೊಳ್ಳುವ ಇಬ್ಬರು, ನಿದ್ದೆ ಬಾರದೆ ಮೂರು ಗಂಟೆಗೆ ಕಾಫಿ ತರಿಸುವ ಒಬ್ಬರು ಖಾಯಂ ಆಗಿದ್ದಾರೆ. ಅಕ್ಕನ ಪುಸ್ತಕ ಮೇಜಿನ ಖಾನೆ ಸೇರಿದೆ, ಸೋಮವಾರ ಮಾತ್ರ ಹೊರಬರುತ್ತದೆ. ಭಾನುವಾರದ ಆರ್ಡರ್‌ಗಳನ್ನು ಅವರು ಈಗಲೂ ಗೀಟು ಎಳೆದೇ ಎಣಿಸುತ್ತಾರೆ.